ಹಡಗು ಹೊಯ್ದಾಡುವಾಗ ನೀರು ಬಿಡಬೇಡಿ

ನಮ್ಮ ಶ್ರೀರಂಗಪಟ್ಟಣದ ಕಡೆಯವರಿಗೆ ದೋಣಿ ಎಂದರೆ ಸಂಗಮದ ಹರಿಗೋಲು. ಕಾವೇರಿಯ ನೀರಿನಲ್ಲಿ ಅಂಬಿಗ ಗರಗರ ತಿರುಗಿಸಿದರೆ ಮಕ್ಕಳು ಕಿರುಚುತ್ತಾರೆ, ದಡಕ್ಕೆ ಬಂದು ಚುರುಮುರಿ ತಿನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಕಡಲು ನಮಗೆ ಬಲು ದೂರ. ಹಾಗಿರುವಾಗ ಕಳೆದ ತಿಂಗಳು ನಾಗಮಂಗಲದಿಂದ ನನ್ನ ತಂಗಿಯ ಮಗಳು ಫೋನ್ ಮಾಡಿದಳು. "ಖಾಲಾ, ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹಡಗಲ್ಲಿ ಹೋಗ್ತಾ ಇದ್ದೀವಿ. ಅತ್ತೇನೂ ಬರ್ತಾರೆ. ಅವ್ರಿಗೆ ಶುಗರ್ ಇದೆ. ವಾಂತಿ ಶುರುವಾದ್ರೆ ಏನ್ಮಾಡೋದು?"

ಒಳ್ಳೆಯ ಪ್ರಶ್ನೆ. ನಮ್ಮ ಮನೆಯಲ್ಲಿ ಯಾರಾದರೂ 1954ರಲ್ಲೇ ಈ ಪ್ರಶ್ನೆ ಕೇಳಿದ್ದರೆ ಎಂದು ನನಗೆ ಅನ್ನಿಸುತ್ತಲೇ ಇರುತ್ತದೆ.

ಆ ವರ್ಷ ನಮ್ಮ ದಾದಿ ಹಜ್ಜ್‌ಗೆ ಹೋದರು. ಜೊತೆಯಲ್ಲಿ ದಾದಾ, ಕೆ.ಆರ್.ಪೇಟೆಯಲ್ಲಿದ್ದ ದಾದಿಯ ನಾದಿನಿ, ಅವರ ಮಗ. ಹಳಬರು ಫ್ರೆಂಚ್ ರಾಕ್ಸ್ ಎಂದೇ ಕರೆಯುತ್ತಿದ್ದ ಪಾಂಡವಪುರ ಸ್ಟೇಷನ್ನಿನಲ್ಲಿ ರೈಲು ಹತ್ತಿ, ಎರಡು ಕಡೆ ಗಾಡಿ ಬದಲಿಸಿ ಮುಂಬೈ ಸೇರಿದರು. ಅಲ್ಲಿಂದ ಜಿದ್ದಾಗೆ ಹಡಗು. ಹತ್ತಿದ ಎರಡನೇ ದಿನವೇ ಕಡಲು ಕೆರಳಿತು. ಕೆಳಗಿನ ಡೆಕ್ಕಿನಲ್ಲಿ ಸಾಲಾಗಿ ಮಲಗಿದ್ದ ಹೆಂಗಸರಲ್ಲಿ ಒಬ್ಬರಿಗೆ ವಾಂತಿ ಬಂತು, ಆ ವಾಸನೆಗೆ ಪಕ್ಕದವರಿಗೆ, ಅವರಿಂದ ಮತ್ತೊಬ್ಬರಿಗೆ. ದಾದಿ ಹೇಳುತ್ತಿದ್ದರು: "ಟ್ರಂಕು ಈ ಗೋಡೆಯಿಂದ ಆ ಗೋಡೆಗೆ ಜಾರೋದು. ನಾವೂ ಅದರ ಹಿಂದೆಯೇ."

ಹಜ್ಜ್ ಹಡಗುಗಳಿಗೆ ಈ ಕಷ್ಟ ಪ್ರತಿವರ್ಷ ಇರುತ್ತಿರಲಿಲ್ಲ. ಚಾಂದ್ರಮಾನದ ವರ್ಷ ಸುಮಾರು 354 ದಿನಗಳದ್ದು. ಹಾಗಾಗಿ ಹಜ್ಜ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ, ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಚಳಿಗಾಲದಲ್ಲಿ ಬಿದ್ದರೆ ಅರಬ್ಬೀ ಸಮುದ್ರ ತಟ್ಟೆಯಲ್ಲಿಟ್ಟ ನೀರಿನಂತೆ. 1954ರಲ್ಲಿ ಅದು ಬಿದ್ದದ್ದು ಆಗಸ್ಟ್‌ನಲ್ಲಿ. ಅಂದರೆ ಹಡಗು ಹೊರಡಬೇಕಾದದ್ದು ಜುಲೈನಲ್ಲಿ, ತುಂಬು ಮುಂಗಾರಿನ ನಡುವೆ. ನೈಋತ್ಯದಿಂದ ಬೀಸುವ ಗಾಳಿ ಸೊಕೋತ್ರ ದ್ವೀಪದ ಸುತ್ತ ಅತಿ ಜೋರು. ನಮ್ಮ ಹೊಲಕ್ಕೆ ಮಳೆ ತರುವ ಅದೇ ಗಾಳಿಗೆ ಹಡಗು ಎದುರಾಗಿ ಸಾಗಬೇಕು. 1980ರ ದಶಕದಲ್ಲಿ ಹಜ್ಜ್ ಮತ್ತೆ ಮಳೆಗಾಲಕ್ಕೆ ಬಂತು. 1995ರಲ್ಲಿ ಹಡಗಿನ ಹಜ್ಜ್ ಯಾತ್ರೆಯೇ ನಿಂತುಹೋಯಿತು.

ಹಳೆಯ ನಾವಿಕರು ಈ ಲೆಕ್ಕ ಬಲ್ಲವರು. ಟಿಪ್ಪು ಸುಲ್ತಾನರು ಇಸ್ತಾಂಬುಲ್‌ಗೆ ಕಳಿಸಿದ ನಿಯೋಗ ಶ್ರೀರಂಗಪಟ್ಟಣದಿಂದ ಹೊರಟು, 1786ರ ಮಾರ್ಚ್‌ನಲ್ಲಿ, ಮುಂಗಾರಿಗೆ ಮೊದಲೇ, ಉತ್ತರ ಕನ್ನಡದ ತದಡಿ ಬಂದರಿನಿಂದ ನಾಲ್ಕು ಹಡಗುಗಳಲ್ಲಿ ಮಸ್ಕತ್‌ನತ್ತ ಸಾಗಿತು. ಜೊತೆಗಿದ್ದ ಖ್ವಾಜಾ ಅಬ್ದುಲ್ ಖಾದಿರ್ ಪಾರ್ಸಿಯಲ್ಲಿ ದಿನಚರಿ ಬರೆದಿಟ್ಟಿದ್ದಾರೆ. ಹೊರಟವರು ಸುಮಾರು 900 ಮಂದಿ, ಊರು ಕಂಡವರು ಕೆಲವೇ ಮಂದಿ. ಹಡಗುಗಳೂ ಹೋದವು. ಆದರೆ ಪ್ಲೇಗ್ ಮುಂತಾದ ರೋಗಗಳಿಗೆ ಬಲಿಯಾದವರು ಬಹಳ.

ದಾದಿಯ ಹಡಗಿಗೆ ಬರೋಣ. ನಾದಿನಿ ಎರಡು ದಿನ ವಾಂತಿ ಮಾಡಿಕೊಂಡರು. ಮೂರನೇ ದಿನ ನೀರು ಬಿಟ್ಟುಬಿಟ್ಟರು. ಕುಡಿದರೆ ವಾಂತಿ, ವಾಂತಿಯಾದರೆ ವುಝೂ ಹೋಗುತ್ತದೆ, ಮತ್ತೆ ಆ ಜಾರುವ ಮೆಟ್ಟಿಲೇರಿ ನೀರಿನ ಸರದಿಯಲ್ಲಿ ನಿಲ್ಲಬೇಕು, ಪಾಯಿಖಾನೆಗೂ ಹಾಗೆಯೇ. ಕುಡಿಯದಿದ್ದರೆ ಯಾವ ತೊಂದರೆಯೂ ಇಲ್ಲ ಎಂದುಕೊಂಡರು. ಕೆಂಪು ಸಮುದ್ರಕ್ಕೆ ಬಂದಾಗ ಕಡಲು ಶಾಂತವಾಯಿತು, ಸೆಕೆ ಏರಿತು. ಎಲ್ಲರೂ ಎದ್ದು ಕೂತರು, ಅವರು ಏಳಲಿಲ್ಲ. ಜಿದ್ದಾ ಕಾಣುವ ಮೊದಲೇ ತೀರಿಕೊಂಡರು. ಜನಾಝಾ ನಮಾಝ್ ಮಾಡಿ ಕಡಲಿಗೆ ಒಪ್ಪಿಸಿದರು.

ಮನೆಯಲ್ಲಿ ಇದನ್ನು ನಸೀಬು ಎಂದೇ ಹೇಳಿದರು. ಆಯುಷ್ಯ ಅಲ್ಲಾಹನ ಕೈಯಲ್ಲಿದೆ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಮೂವತ್ತು ವರ್ಷ ನರ್ಸ್ ಆಗಿ ದುಡಿದ ನನಗೆ ಆ ಕಥೆಯಲ್ಲಿ ಕಾಣುವುದು ಒಣಗಿದ ನಾಲಿಗೆ, ಗುಳಿಬಿದ್ದ ಕಣ್ಣು, ಇಡೀ ದಿನ ಮೂತ್ರ ಹೋಗದ ಹೆಂಗಸು. ಕಡಲ ವಾಕರಿಕೆ ತಾನಾಗಿ ಜೀವ ತೆಗೆಯುವುದು ತೀರಾ ಅಪರೂಪ. ಅದರಿಂದಾಗುವ ನಿರ್ಜಲೀಕರಣ ತೆಗೆಯಬಲ್ಲದು, ಮುಖ್ಯವಾಗಿ ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದವರಲ್ಲಿ.

ಕಡಲಲ್ಲಿ ವಾಂತಿ ಬರುವುದು ಹೊಟ್ಟೆ ಕೆಟ್ಟಿದ್ದಕ್ಕೂ ಅಲ್ಲ, ಮನಸ್ಸು ದುರ್ಬಲ ಎಂದೂ ಅಲ್ಲ. ("ನಿಯ್ಯತ್ ಗಟ್ಟಿ ಇದ್ದರೆ ಏನೂ ಆಗಲ್ಲ" ಎಂದು ಆ ಹಡಗಿನಲ್ಲಿ ಒಬ್ಬರು ಹೇಳಿದರಂತೆ. ಅವರಿಗೂ ಮಾರನೆಯ ದಿನ ಬಂತಂತೆ!) ನಮ್ಮ ಒಳಗಿವಿಯಲ್ಲಿ ದ್ರವ ತುಂಬಿದ ಸಣ್ಣ ನಾಳಗಳಿವೆ. ದೇಹ ತೂಗಿದರೆ ಮೆದುಳಿಗೆ ಸುದ್ದಿ ಮುಟ್ಟಿಸುವುದು ಅವುಗಳ ಕೆಲಸ. ಹಡಗಿನ ಕೋಣೆಯೊಳಗೆ ಕೂತವರಿಗೆ ಗೋಡೆ ನಿಂತಂತೆಯೇ ಕಾಣುತ್ತದೆ. ಕಣ್ಣು "ಅಲುಗಾಟವಿಲ್ಲ" ಎನ್ನುತ್ತದೆ, ಕಿವಿ "ಅಲುಗುತ್ತಿದೆ" ಎನ್ನುತ್ತದೆ. ಈ ಜಗಳದಲ್ಲಿ ಸೋಲುವುದು ಹೊಟ್ಟೆ. ಐದಾರು ಸೆಕೆಂಡಿಗೊಮ್ಮೆ ಮೇಲೆದ್ದು ಇಳಿಯುವ ನಿಧಾನದ ತೂಗಾಟವೇ ಅತಿ ಕೆಟ್ಟದ್ದು, ದೊಡ್ಡ ಅಲೆಯಲ್ಲಿ ಹಡಗು ತೂಗುವುದು ಹೆಚ್ಚುಕಡಿಮೆ ಹಾಗೆಯೇ. ಹುಟ್ಟು ಕಿವುಡರಲ್ಲಿ ಹಲವರಿಗೆ ಕಡಲ ವಾಕರಿಕೆ ಬರುವುದೇ ಇಲ್ಲ ಎಂಬುದನ್ನು ಅಮೆರಿಕದ ವಿದ್ವಾಂಸ ವಿಲಿಯಂ ಜೇಮ್ಸ್ 1882ರಲ್ಲೇ ಗಮನಿಸಿದ್ದರು. ಜಕ್ಕನಹಳ್ಳಿ ದಾಟಿ ಮೇಲುಕೋಟೆ ತಿರುವುಗಳಲ್ಲಿ ಬಸ್ಸಿನ ಕಿಟಕಿಗೆ ತಲೆ ಹಾಕುತ್ತೇವಲ್ಲ, ಅದೂ ಇದೇ ಕಾಯಿಲೆ. ಬಸ್ಸು ನಿಲ್ಲುತ್ತದೆ, ಹಡಗು ನಿಲ್ಲುವುದಿಲ್ಲ, ವ್ಯತ್ಯಾಸ ಅಷ್ಟೇ.

ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ, ಗರ್ಭಿಣಿಯರಿಗೆ, ಮೈಗ್ರೇನ್ ಇರುವವರಿಗೆ ಇದು ಹೆಚ್ಚು. ಎದೆಹಾಲು ಕುಡಿಯುವ ಕೂಸುಗಳಿಗೆ ಸಾಮಾನ್ಯವಾಗಿ ಏನೂ ಆಗದು. ಹೆಚ್ಚಿನವರಿಗೆ ಎರಡು ಮೂರು ದಿನಗಳಲ್ಲಿ ಮೆದುಳು ಒಗ್ಗಿಕೊಳ್ಳುತ್ತದೆ. ಆದರೆ ಕೊಚ್ಚಿಯಿಂದ ಲಕ್ಷದ್ವೀಪಕ್ಕೆ 14ರಿಂದ 18 ಗಂಟೆ, ಒಗ್ಗಿಕೊಳ್ಳುವಷ್ಟರಲ್ಲಿ ದ್ವೀಪ ಬಂದಿರುತ್ತದೆ.

ತಂಗಿಯ ಮಗಳಿಗೆ ನಾನು ಹೇಳಿದ್ದು ಇಷ್ಟು. ಜೂನ್‌ನಿಂದ ಸೆಪ್ಟೆಂಬರ್ ಬೇಡ, ಟಿಕೆಟ್ ಮುಂದಕ್ಕೆ ಹಾಕು. ಜಾಗ ಸಿಕ್ಕರೆ ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ತಗೋ, ಮೂತಿಯ ಕಡೆ ತೂಗಾಟ ಜಾಸ್ತಿ. ವಾಕರಿಕೆಯ ಸುಳಿವು ಸಿಕ್ಕ ಕೂಡಲೇ ಹೊರಗೆ ಬಂದು ಗಾಳಿಗೆ ನಿಂತು ಆಕಾಶ ಕಡಲು ಸೇರುವ ಗೆರೆಯನ್ನು ನೋಡಬೇಕು, ಆಗ ಕಣ್ಣೂ ಕಿವಿಯೂ ಒಂದೇ ಮಾತು ಹೇಳುತ್ತವೆ. ಅಲೆ ಜೋರಿದ್ದು ಹೊರಗೆ ಬಿಡದಿದ್ದರೆ ಅಂಗಾತ ಮಲಗಿ ಕಣ್ಣು ಮುಚ್ಚಬೇಕು. ಮೊಬೈಲ್ ಮುಟ್ಟಬಾರದು. ಹೊಟ್ಟೆ ಖಾಲಿ ಇರಬಾರದು, ಬಿರಿಯಾನಿ ತಿಂದೂ ಹತ್ತಬಾರದು. ಎರಡು ಇಡ್ಲಿ, ರಸ್ಕು, ಬಾಳೆಹಣ್ಣು ಸಾಕು.

ಮಾತ್ರೆಗಳಿವೆ: ಸಿನ್ನರಿಜಿನ್, ಪ್ರೊಮೆಥಜಿನ್, ಡೈಮೆನ್‌ಹೈಡ್ರಿನೇಟ್. ಹಡಗು ಹೊರಡುವ ಒಂದೆರಡು ಗಂಟೆ ಮೊದಲೇ ನುಂಗಿದರೆ ಮಾತ್ರ ಪ್ರಯೋಜನ. ವಾಂತಿ ಶುರುವಾದ ಮೇಲೆ ನುಂಗಿದ್ದು ಹೊರಗೇ ಬರುತ್ತದೆ. ಇವು ನಿದ್ದೆ ತರುತ್ತವೆ, ಬಾಯಿ ಒಣಗಿಸುತ್ತವೆ. ಪ್ರಾಸ್ಟೇಟ್ ತೊಂದರೆ, ಗ್ಲಾಕೋಮಾ, ಪಾರ್ಕಿನ್ಸನ್ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಎರಡು ವರ್ಷದೊಳಗಿನ ಮಗುವಿಗೆ ಪ್ರೊಮೆಥಜಿನ್ ಕೊಡಲೇಬಾರದು. ಶುಂಠಿ? ಕೆಲವರಿಗೆ ಸ್ವಲ್ಪ ಅನುಕೂಲ, ಕೆಡುಕಂತೂ ಇಲ್ಲ. ನಿಂಬೆಹಣ್ಣು ಮೂಸುವುದರಿಂದ ಕಾಯಿಲೆ ಹೋಗದು, ಪಕ್ಕದವರ ವಾಂತಿಯ ವಾಸನೆಯಾದರೂ ತಪ್ಪುತ್ತದೆ.

ವಾಂತಿ ಬಂದೇ ಬಂತು ಎನ್ನಿ. ಹತ್ತು ನಿಮಿಷ ಬಿಟ್ಟು ಒಂದು ಚಮಚ ಓಆರ್‌ಎಸ್. ಐದು ನಿಮಿಷಕ್ಕೆ ಇನ್ನೊಂದು. ಲೋಟಗಟ್ಟಲೆ ಕುಡಿದರೆ ಮತ್ತೆ ಹೊರಬರುತ್ತದೆ, ಚಮಚದಲ್ಲಿ ಕೊಟ್ಟದ್ದು ನಿಲ್ಲುತ್ತದೆ. ಪುಡಿ ಇಲ್ಲವೆಂದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಶುಗರ್ ಇರುವವರೂ ವಾಂತಿಯ ಹೊತ್ತಿನಲ್ಲಿ ಇದನ್ನು ಕುಡಿಯಬಹುದು. ಆದರೆ ಊಟ ನಿಂತಾಗ ಮೆಟ್‌ಫಾರ್ಮಿನ್, ಬಿಪಿಯ ನೀರಿನ ಮಾತ್ರೆ ಇವನ್ನೆಲ್ಲ ಏನು ಮಾಡಬೇಕೆಂದು ಹೊರಡುವ ಮೊದಲೇ ವೈದ್ಯರಿಂದ ಚೀಟಿಯಲ್ಲಿ ಬರೆಸಿಕೊಳ್ಳಿ. ಇನ್ಸುಲಿನ್ ನೀವಾಗಿಯೇ ಬಿಡಬೇಡಿ. ಆರೆಂಟು ಗಂಟೆ ಮೂತ್ರ ಹೋಗದಿದ್ದರೆ, ಮಾತು ತೊದಲಿದರೆ, ಮಂಪರು ಹತ್ತಿದರೆ ಹಡಗಿನ ವೈದ್ಯರನ್ನು ಕರೆಯಿರಿ, ಸಂಕೋಚ ಬೇಡ. ಜ್ವರ, ಭೇದಿ ಸೇರಿಕೊಂಡರೆ ಅದು ಕಡಲ ಕಾಯಿಲೆಯಲ್ಲ, ಅಂಟುರೋಗ ಇರಬಹುದು. ಚೀಲದ ಬಾಯಿ ಕಟ್ಟಿ ಬಿಸಾಡಿ, ಸೋಪಿನಲ್ಲಿ ಕೈ ತೊಳೆದು, ಆಮೇಲೆಯೇ ಮಕ್ಕಳನ್ನು ಮುಟ್ಟಿ.

ನಿಲ್ಲಲಾಗದಿದ್ದರೆ ಕೂತು ನಮಾಝ್ ಮಾಡಬಹುದು, ವುಝೂವಿನ ಮಸ್‌ಅಲಾವನ್ನು ನಿಮ್ಮ ಆಲಿಮರಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ. ಆ ಭಯಕ್ಕೆ ಯಾರೂ ನೀರು ಬಿಡುವಂತಾಗಬಾರದು.

ಇಳಿದ ಮೇಲೂ ನೆಲ ತೂಗಿದಂತಾದರೆ ಹೆದರಬೇಡಿ, ಒಂದೆರಡು ದಿನದಲ್ಲಿ ಹೋಗುತ್ತದೆ. ದಾದಿ ಹಜ್ಜ್ ಮುಗಿಸಿ ಬಂದು ಪಾಂಡವಪುರದಲ್ಲಿ ರೈಲು ಇಳಿದಾಗ, ಕರೆದೊಯ್ಯಲು ಬಂದವರನ್ನು ತಬ್ಬುವ ಮೊದಲು ಪ್ಲಾಟ್‌ಫಾರ್ಮಿನ ಕಂಬ ಹಿಡಿದು ನಿಂತರಂತೆ. ಕೆ.ಆರ್.ಪೇಟೆಯಿಂದ ಬಂದವರು ಅವರ ಹಿಂದೆ ಇನ್ನೊಬ್ಬರು ಇಳಿಯುತ್ತಾರೇನೋ ಎಂದು ಬಾಗಿಲನ್ನೇ ನೋಡುತ್ತಿದ್ದರಂತೆ.