ಬೆರಳಿಗೆ ತಲುಪುವ ಮಾತು

2015ರ ಜುಲೈ. ಅಮೆರಿಕದ ಅಂಗವಿಕಲರ ಕಾಯ್ದೆಗೆ 25 ವರ್ಷ ತುಂಬಿದ್ದಕ್ಕೆ ಶ್ವೇತಭವನದಲ್ಲಿ ಸಮಾರಂಭ. ಅಧ್ಯಕ್ಷ ಒಬಾಮಾ ಕೀಬೋರ್ಡ್ ಕುಟ್ಟುತ್ತಿದ್ದರು. ಎದುರಿಗಿದ್ದ ಹಾಬೆನ್ ಗಿರ್ಮಾ ಅದನ್ನು ಬೆರಳಲ್ಲಿ ಓದಿ ಬಾಯಿಮಾತಿನಲ್ಲೇ ಉತ್ತರಿಸುತ್ತಿದ್ದರು. ದೃಷ್ಟಿ, ಶ್ರವಣ ಎರಡೂ ತೀರಾ ಕಡಿಮೆಯಿರುವ ಹಾಬೆನ್ 2013ರಲ್ಲಿ ಹಾರ್ವರ್ಡ್ ಕಾನೂನು ಶಾಲೆಯ ಪದವಿ ಪಡೆದವರು. ಎರಡೂ ದೋಷವಿರುವವರಲ್ಲಿ ಅಲ್ಲಿ ಅವರೇ ಮೊದಲಿಗರು.

ಅವರ ಕೈಯಲ್ಲಿದ್ದದ್ದು ಬ್ರೈಲ್ ಡಿಸ್‌ಪ್ಲೇ. ಎದುರಿನವರು ಟೈಪ್ ಮಾಡಿದ್ದು ಬ್ಲೂಟೂತ್ ಮೂಲಕ ಬಂದು, ಒಂದು ಸಾಲಿನ ಪುಟ್ಟ ಮನೆಗಳಲ್ಲಿ ಚುಕ್ಕಿಗಳಾಗಿ ಏಳುತ್ತದೆ. ಓದಿ ಮುಗಿಸಿ ಗುಂಡಿ ಒತ್ತಿದೊಡನೆ ಕೆಳಗಿಳಿದು ಮುಂದಿನ ಅಕ್ಷರಗಳಿಗೆ ಜಾಗ ಬಿಡುತ್ತದೆ. ಪ್ರತಿ ಚುಕ್ಕಿಯ ಹಿಂದೆ ಒಂದು ತೆಳು ಪಟ್ಟಿ. ವಿದ್ಯುತ್ ತಾಗಿದರೆ ಅದು ಬಾಗಿ ಮೊಳೆಯನ್ನು ಮೇಲೆತ್ತುತ್ತದೆ. ಮನೆಗೆ 8 ಚುಕ್ಕಿಯಂತೆ 40 ಮನೆಗೆ ಇಂಥ 320 ಪಟ್ಟಿಗಳು! ಬೆಲೆ ಲಕ್ಷ ದಾಟುವುದರಲ್ಲಿ ಆಶ್ಚರ್ಯವೇನಿಲ್ಲ. ಅಗ್ಗದ ದಾರಿ ಹುಡುಕಿ ಬಂದ ಆರ್ಬಿಟ್ ರೀಡರ್ 20 ಎಂಬ ಡಿಸ್‌ಪ್ಲೇಯಲ್ಲಿ 20 ಮನೆಗಳಷ್ಟೇ.

ರಾಡ್‌ಕ್ಲಿಫ್ ಕಾಲೇಜಿನಲ್ಲಿ ಓದಿ 1904ರಲ್ಲಿ ಪದವೀಧರೆಯಾದ ಹೆಲೆನ್ ಕೆಲ್ಲರ್ ಕಾಲಕ್ಕೆ ಇದ್ಯಾವುದೂ ಇರಲಿಲ್ಲ. ಶಿಕ್ಷಕಿ ಆನ್ ಸಲಿವಾನ್ ಪಕ್ಕದಲ್ಲಿ ಕೂತು ಅಧ್ಯಾಪಕರ ಪಾಠವನ್ನು ಅಕ್ಷರಕ್ಷರವಾಗಿ ಹೆಲೆನ್ ಅವರ ಅಂಗೈಗೆ ದಾಟಿಸಬೇಕಿತ್ತು. ಈಗ ಟೈಪ್ ಮಾಡಲು ಬರುವ ಯಾವ ಸಹಪಾಠಿಯಾದರೂ ಸರಿ, ನೇರವಾಗಿ ಹರಟೆ ಹೊಡೆಯಬಹುದು.

ಕನ್ನಡಕ್ಕೆ ಬಂದರೆ ಲೆಕ್ಕ ಸ್ವಲ್ಪ ಬಿಗಿ. ಭಾರತೀಯ ಭಾಷೆಗಳಿಗೆ ಬಳಸುವ ಭಾರತಿ ಬ್ರೈಲ್‌ನಲ್ಲಿ ಕಾಗುಣಿತ, ಒತ್ತು ಎಲ್ಲವೂ ಬಿಡಿಬಿಡಿ. ‘ಅಕ್ಕ’ ಎನ್ನಲು ನಾಲ್ಕು ಮನೆ: ಅ, ಒತ್ತಕ್ಷರ ಸೂಚಿಸುವ ಚುಕ್ಕಿ, ಆಮೇಲೆ ಎರಡು ಕ. ಉದ್ದದ ಪದ ಎರಡು ಬಂದರೆ 20 ಮನೆಗಳ ಸಾಲು ಭರ್ತಿ. ಓದುವುದಕ್ಕಿಂತ ಮುಂದಿನ ಸಾಲಿಗೆ ಗುಂಡಿ ಒತ್ತುವುದೇ ಜಾಸ್ತಿ ಅನಿಸಬಹುದು.

ಇದೆಲ್ಲ ಅಕ್ಷರ ಬಲ್ಲವರ ಮಾತಾಯಿತು. ಭಾಷೆ ಕಲಿಯುವ ಮುಂಚೆಯೇ ಎರಡೂ ಇಂದ್ರಿಯ ಕಳೆದುಕೊಂಡ ಮಗುವಿಗೆ ಡಿಸ್‌ಪ್ಲೇ ಕೊಟ್ಟು ಏನು ಪ್ರಯೋಜನ? ಅದರ ಮೊದಲ ಪಾಠ ಚಮಚದಿಂದ ಶುರುವಾಗಬಹುದು: ದಿನವೂ ಉಣಿಸುವ ಮುಂಚೆ ಅದೇ ಚಮಚ ಕೈಗೆ ಕೊಡುತ್ತ ಬಂದರೆ, ಚಮಚ ಎಂದರೆ ಊಟ ಎಂಬುದು ಮಗುವಿಗೆ ಹೊಳೆಯುತ್ತದೆ. ಇಂಥ ಮಕ್ಕಳಿಗಾಗಿ ಮುಂಬೈಯ ಹೆಲೆನ್ ಕೆಲ್ಲರ್ ಸಂಸ್ಥೆ 1977ರಿಂದ ದುಡಿಯುತ್ತಿದೆ. ಅಹಮದಾಬಾದಿನ ಸೆನ್ಸ್ ಇಂಡಿಯಾ ಶುರುವಾದದ್ದು 1997ರಲ್ಲಿ. ಈ ಜೋಡಿ ದೋಷ ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೂ ಜಾಗ ಪಡೆದಿದೆ.

ಉಪಕರಣ ಕೈಗೆ ಬಂದರೂ ಎದುರಿನವರು ಮನಸ್ಸು ಮಾಡದಿದ್ದರೆ ಕೆಲಸ ನಡೆಯದು. ಹಾಬೆನ್ ಹಾರ್ವರ್ಡಿಗಿಂತ ಮೊದಲು ಓದಿದ ಕಾಲೇಜಿನ ಕ್ಯಾಂಟೀನಿನಲ್ಲಿ ತಿಂಡಿಯ ಪಟ್ಟಿ ಇದ್ದದ್ದು ಅಚ್ಚಿನಲ್ಲಿ ಮಾತ್ರ. ಸಸ್ಯಾಹಾರಿಯಾದ ಅವರಿಗೆ ತಟ್ಟೆಗೆ ಏನು ಬೀಳುತ್ತದೆಂಬುದೇ ತಿಳಿಯುತ್ತಿರಲಿಲ್ಲ. ಇಮೇಲ್ ಮಾಡಿದರೆ ಓದಿಕೊಳ್ಳುತ್ತೇನೆಂದರೂ ಕ್ಯಾಂಟೀನಿನವರಿಗೆ ಪುರುಸೊತ್ತಿಲ್ಲ. ಕೊನೆಗೆ ಹಾಬೆನ್ ಅಮೆರಿಕದ ಅಂಗವಿಕಲರ ಕಾಯ್ದೆಯ ಮಾತೆತ್ತಿದಾಗ ಪಟ್ಟಿ ಇಮೇಲಿಗೆ ಬರತೊಡಗಿತು. ಮರುವರ್ಷ ಸೇರಿದ ಇನ್ನೊಬ್ಬ ಅಂಧ ವಿದ್ಯಾರ್ಥಿಗೆ ಅದನ್ನು ಕೇಳುವ ಪ್ರಮೇಯವೇ ಬರಲಿಲ್ಲ.