ಗ್ರಾಹಕನೇ ಕೊಯ್ಯುವ ತೋಟ: ಹಡ್ಸನ್ ಕಣಿವೆಯಲ್ಲಿ ಒಂದು ಭಾನುವಾರ

ಕೆಲಸ ಮಾಡಿದವನಿಗೆ ಕೂಲಿ ಕೊಡುವುದು ವ್ಯಾಪಾರದ ವಾಡಿಕೆ. ಕೆಲಸ ಮಾಡಿದವನಿಂದಲೇ ಹಣ ಪಡೆಯುವ ವ್ಯವಹಾರವೊಂದನ್ನು ಅಕ್ಟೋಬರ್ ತಿಂಗಳಿನಲ್ಲಿ ಮಗಳ ಕುಟುಂಬದೊಡನೆ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಅಲ್‌ಸ್ಟರ್ ಕೌಂಟಿಗೆ ಹೋಗಿದ್ದಾಗ ಕಣ್ಣಾರೆ ಕಂಡೆ. ಸೇಬಿನ ಉತ್ಪಾದನೆಯಲ್ಲಿ ವಾಷಿಂಗ್ಟನ್ ರಾಜ್ಯದ ನಂತರದ ಸ್ಥಾನ ನ್ಯೂಯಾರ್ಕ್ ರಾಜ್ಯದ್ದು. ಹಡ್ಸನ್ ನದಿಯ ಪಶ್ಚಿಮ ದಂಡೆಯ ಇಳಿಜಾರುಗಳಲ್ಲಿರುವ ಹಲವು ತೋಟಗಳು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಸಾರ್ವಜನಿಕರಿಗೆ ತೆರೆದಿರುತ್ತವೆ.

ಬಾಗಿಲಲ್ಲೇ ಚೀಲ ಕೊಂಡೆವು. ಅರ್ಧ ಬುಷೆಲ್ ಚೀಲವೆಂದರೆ ಸುಮಾರು 20 ಪೌಂಡ್, ನಮ್ಮ ಲೆಕ್ಕದಲ್ಲಿ 9 ಕಿಲೋ. ಹಣ ಮೊದಲು, ಹಣ್ಣು ನಂತರ. ಉದ್ದರಿಯ ಮಾತೇ ಇಲ್ಲ. ಬೆಲೆಯೇನೂ ಪೇಟೆಯ ಅಂಗಡಿಗಿಂತ ಕಡಿಮೆಯಿರಲಿಲ್ಲ. ಕೂಲಿ ನಮ್ಮದೇ ಆಗಿರುವಾಗ ಅಗ್ಗವಾಗಬೇಡವೇ ಎಂದು ಕೇಳಿದ್ದಕ್ಕೆ ಅಳಿಯ ನಕ್ಕನು. ಅಷ್ಟರಲ್ಲಿ ಏಳು ವರ್ಷದ ಮೊಮ್ಮಗ ಮೊದಲನೆಯ ಹಣ್ಣನ್ನು ಕಿತ್ತು, ಅಲ್ಲಿಯೇ ಕಚ್ಚಿಯೂ ಆಗಿತ್ತು.

ಮಗುವಿನ ಕೈಗೆ ಹಣ್ಣು ಎಟುಕಿದ್ದು ಆಕಸ್ಮಿಕವಲ್ಲ. ಹಳೆಯ ಸೇಬಿನ ಮರಗಳನ್ನು ಕೊಯ್ಯಲು ಏಣಿ ಬೇಕಾಗುತ್ತಿತ್ತು. ಇಂಗ್ಲೆಂಡಿನ ಈಸ್ಟ್ ಮಾಲಿಂಗ್ ಸಂಶೋಧನಾ ಕೇಂದ್ರದಿಂದ ಬಂದ ಎಂ-9 ಮುಂತಾದ ಗಿಡ್ಡ ಬೇರುಕಾಂಡಗಳ ಮೇಲೆ ಕಸಿ ಕಟ್ಟಿದ ಮರಗಳು ಎಂಟು ಹತ್ತು ಅಡಿಗಳ ಎತ್ತರದಲ್ಲಿಯೇ ನಿಲ್ಲುತ್ತವೆ. ಏಣಿ ಇಲ್ಲವೆಂದರೆ ಬೀಳುವ ಭಯ ಕಡಿಮೆ. ಬೀಳುವ ಭಯ ಕಡಿಮೆಯಾದಲ್ಲಿ ಮಾತ್ರ ಅಪರಿಚಿತ ಸಂಸಾರಗಳನ್ನು ತೋಟದೊಳಗೆ ಬಿಡುವ ಧೈರ್ಯ ಮಾಲೀಕನಿಗೆ ಬರುತ್ತದೆ. ಕೊಯ್ಯುವ ಕ್ರಮವನ್ನು ಫಲಕವೊಂದು ಹೇಳುತ್ತಿತ್ತು: ಹಣ್ಣನ್ನು ಅಂಗೈಯಲ್ಲಿ ಹಿಡಿದು ಮೇಲಕ್ಕೆತ್ತಿ ತುಸು ತಿರುವಬೇಕು. ಕೆಳಕ್ಕೆ ಜಗ್ಗಿದರೆ ಮುಂದಿನ ವರ್ಷದ ಮೊಗ್ಗಿರುವ ಗಿಣ್ಣೂ ಮುರಿದು ಬರುತ್ತದೆ. ಫಲಕದ ಮುಂದೆಯೇ ಒಬ್ಬರು ರೆಂಬೆಯನ್ನು ಜಗ್ಗುತ್ತಿದ್ದರು ಎಂಬುದನ್ನೂ ಹೇಳಬೇಕು.

ಇನ್ನು ಲೆಕ್ಕಾಚಾರ. ಪೇಟೆಗೆ ಹಣ್ಣು ಕಳುಹಿಸುವ ಅಲ್ಲಿನ ಅನೇಕ ಬೆಳೆಗಾರರು ಜಮೈಕಾದಂತಹ ದೇಶಗಳಿಂದ ಎಚ್-2ಎ ವೀಸಾದ ಮೇಲೆ ಕೂಲಿಗಳನ್ನು ಕರೆಸಿ, ಪ್ರಯಾಣದ ವೆಚ್ಚವನ್ನೂ ವಸತಿಯನ್ನೂ ತಾವೇ ಭರಿಸಬೇಕು. ಅದರ ಮೇಲೆ ವಿಂಗಡಣೆ, ಪೆಟ್ಟಿಗೆ, ಶೀತಲಗೃಹ, ಸಾಗಣೆ, ಸಗಟು ವರ್ತಕರ ಪಾಲು. ಗ್ರಾಹಕನೇ ಬಂದು ಕೊಯ್ದ ಹಣ್ಣಿಗೆ ಇವುಗಳಲ್ಲಿ ಬಹುಪಾಲು ಇಲ್ಲ, ಚಿಲ್ಲರೆ ಬೆಲೆ ನೇರವಾಗಿ ಬೆಳೆದವನ ಗಲ್ಲಾಪೆಟ್ಟಿಗೆಗೆ. ಕಚ್ಚಿ ಎಸೆದದ್ದು, ಉದುರಿಸಿದ್ದು, ಬುಟ್ಟಿ ತುಂಬಿದ ಮೇಲೆ ಬೇಡವೆಂದು ಬಿಟ್ಟದ್ದು, ಇವು ನಷ್ಟದ ಬಾಬ್ತು. ನಮ್ಮ ಮೊಮ್ಮಗನ ಖಾತೆಯಲ್ಲಿಯೇ ನಾಲ್ಕು ಹಣ್ಣುಗಳಿದ್ದವು.

ನಮ್ಮ ಶ್ರೀನಿವಾಸಪುರದ ಮಾವಿನ ತೋಪುಗಳ ನೆನಪು ಆಗ ಸಹಜವಾಗಿ ಬಂದಿತು. ಹೂವಿನ ಹಂತದಲ್ಲಿಯೇ ತೋಪನ್ನು ಗುತ್ತಿಗೆಗೆ ಕೊಟ್ಟು ಮುಂಗಡ ಪಡೆದ ರೈತನು ಲಾಭದ ದೊಡ್ಡ ಪಾಲನ್ನು ಬಿಟ್ಟುಕೊಡುತ್ತಾನೆ, ನಿಜ. ಆದರೆ ಆಲಿಕಲ್ಲು, ಬೆಲೆ ಕುಸಿತಗಳ ಭಯದ ದೊಡ್ಡ ಪಾಲನ್ನೂ ಗುತ್ತಿಗೆದಾರನ ತಲೆಗೆ ಕಟ್ಟುತ್ತಾನೆ. ಹಡ್ಸನ್ ಕಣಿವೆಯ ಬೆಳೆಗಾರನಿಗೆ ಹಾಗೆ ಕೈತೊಳೆದುಕೊಳ್ಳುವ ದಾರಿಯಿಲ್ಲ. 2023ರ ಮೇ 18ರ ಮುಂಜಾವಿನ ಕೊರೆಯುವ ಚಳಿಯಲ್ಲಿ ಈಶಾನ್ಯ ರಾಜ್ಯಗಳ ಅನೇಕ ತೋಟಗಳ ಎಳೆಗಾಯಿಗಳು ಒಂದೇ ರಾತ್ರಿಯಲ್ಲಿ ಕಪ್ಪಾದವು. ಬೆಳೆ ಉಳಿದರೂ ಗಿರಾಕಿ ಬರುವುದು ವಾರಾಂತ್ಯದಲ್ಲಿ ಮಾತ್ರ. ಎಂಟೋ ಒಂಬತ್ತೋ ವಾರಾಂತ್ಯಗಳಲ್ಲಿ ವರ್ಷದ ಸಂಪಾದನೆ ಆಗಬೇಕು. ದೀಪಾವಳಿಯ ವಾರ ಮಳೆ ಹಿಡಿದರೆ ಬಟ್ಟೆ ಅಂಗಡಿಯವರ ಪಾಡೇನೆಂದು ಬಲ್ಲ ನಮ್ಮ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದ್ದರಿಂದಲೇ ತೋಟದ ನಡುವಿನ ಅಂಗಡಿಗೆ ಅಷ್ಟು ಮಹತ್ವ. ಅಲ್ಲಿ ಸೈಡರ್ ಎಂದರೆ ಮದ್ಯವಲ್ಲ, ಸೋಸದ ಸೇಬಿನ ರಸ. 1996ರಲ್ಲಿ ಅಮೆರಿಕದ ಪಶ್ಚಿಮ ಭಾಗದಲ್ಲಿ ಪಾಶ್ಚರೀಕರಿಸದ ಸೇಬಿನ ರಸದಿಂದ ಇ-ಕೋಲಿ ಸೋಂಕು ಹರಡಿ ಮಗುವೊಂದು ಮೃತಪಟ್ಟ ಮೇಲೆ ನಿಯಮಗಳು ಬಿಗಿಯಾದವು. ರಸವನ್ನು ಕಾಯಿಸದೆ ನೇರಳಾತೀತ ಕಿರಣಗಳಿಂದ ಶುದ್ಧೀಕರಿಸುವ ವಿಧಾನಕ್ಕೆ 2000ದಲ್ಲಿ ಕೇಂದ್ರ ಆಹಾರ ಮತ್ತು ಔಷಧ ಆಡಳಿತದ ಅನುಮತಿ ದೊರೆಯಿತು. ರುಚಿ ಕೆಡದೆ ಕಾನೂನನ್ನೂ ಪಾಲಿಸುವ ಈ ಸಣ್ಣ ಯಂತ್ರವೇ ಅನೇಕ ಸಣ್ಣ ಗಾಣಗಳನ್ನು ಉಳಿಸಿತೆನ್ನಬಹುದು. ಆ ರಸವನ್ನೇ ಹಿಟ್ಟಿಗೆ ಬೆರೆಸಿ ಕರಿದ ಡೋನಟ್‌ಗೆ ಸೇಬಿಗಿಂತಲೂ ಉದ್ದದ ಸಾಲು. ನಾವೂ ನಿಂತೆವು. ಬಿಸಿಯಾಗಿದ್ದವು, ಸಕ್ಕರೆ ಮಾತ್ರ ಅತಿಯಾಯಿತು.

ಗೋಡೆಯ ಮೇಲೆ ಎಚ್ಚರಿಕೆಯ ಫಲಕವಿತ್ತು. 2017ರಲ್ಲಿ ನ್ಯೂಯಾರ್ಕ್ ರಾಜ್ಯವು ಕೃಷಿ ಪ್ರವಾಸೋದ್ಯಮದ ಸುರಕ್ಷತೆಗೆಂದೇ ಕಾಯಿದೆಯೊಂದನ್ನು ಜಾರಿಗೆ ತಂದು, ಅಪಾಯಗಳನ್ನು ತಿಳಿಸುವ ಹೊಣೆಯನ್ನು ಮಾಲೀಕನ ಮೇಲೂ, ಎಚ್ಚರದಿಂದ ನಡೆಯುವ ಹೊಣೆಯನ್ನು ಸಂದರ್ಶಕನ ಮೇಲೂ ಇಟ್ಟಿದೆ. ತೋಟ ತೆರೆಯಬಯಸುವ ನಮ್ಮ ರೈತರಿಗೂ ಹೊಣೆಯ ಇಂತಹ ಸ್ಪಷ್ಟ ಹಂಚಿಕೆ ಅಗತ್ಯವೆಂಬುದು ನನ್ನ ಅಭಿಪ್ರಾಯ.

ಹೊರಡುವಾಗ ಗಲ್ಲಾದಲ್ಲಿದ್ದ ಮಹಿಳೆಯನ್ನು ವ್ಯಾಪಾರ ಹೇಗಿದೆಯೆಂದು ಕೇಳಿದೆ. ಎರಡು ಶನಿವಾರ ಮಳೆಯಲ್ಲಿ ಹೋದವು, ಇಂದು ಪರವಾಗಿಲ್ಲ ಎಂದರು. ಚಿಲ್ಲರೆ ಎಣಿಸುತ್ತಲೇ ಅವರ ಕಣ್ಣು ಪಕ್ಕದಲ್ಲಿದ್ದ ಫೋನಿನತ್ತ ಹೋಯಿತು. ಅದರಲ್ಲಿ ಮುಂದಿನ ವಾರದ ಹವಾಮಾನ ತೆರೆದಿತ್ತು.