ಎರವಲು ಕೈಯ ಪಣ

ಹಸ್ತಿನಾವತಿಯ ದ್ಯೂತಸಭೆಯಲ್ಲಿ ಪಣವನ್ನೊಡ್ಡಿದವನು ದುರ್ಯೋಧನ, ದಾಳವನ್ನುರುಳಿಸಿದವನು ಶಕುನಿ. ಒಬ್ಬನ ಪರವಾಗಿ ಇನ್ನೊಬ್ಬನು ಆಡುವುದು ಉಚಿತವಲ್ಲವೆಂದು ಧರ್ಮರಾಯನು ಆಗಲೇ ಆಕ್ಷೇಪಿಸಿದ್ದನು. ಹಣ ಒಬ್ಬನದು, ಆಡುವ ಕೈ ಮತ್ತೊಬ್ಬನದು ಎಂಬ ಆ ಏರ್ಪಾಡು ಇಂದು ಇಂಗ್ಲೆಂಡಿನ ಕುದುರೆಜೂಜಿನಲ್ಲಿ ಹೊಸ ವೇಷ ತೊಟ್ಟು ಬಂದಿದೆ. ಶಕುನಿಯ ಪೀಠದಲ್ಲಿ ಈಗ ಕುಳಿತಿರುವುದು ‘ಬಾಟ್’ ಎಂಬ ಸ್ವಯಂಚಾಲಿತ ಗಣಕಯಂತ್ರದ ಕಾರ್ಯಕ್ರಮ.

ಇದರ ಮರ್ಮವನ್ನು ಅರಿಯಬೇಕಾದರೆ ಮೊದಲು ಪಣದ ಪೇಟೆಯನ್ನು ಅರಿಯಬೇಕು. ೨೦೦೦ನೆಯ ಇಸವಿಯಲ್ಲಿ ಆಂಡ್ರ್ಯೂ ಬ್ಲ್ಯಾಕ್ ಮತ್ತು ಎಡ್ವರ್ಡ್ ರೇ ಎಂಬವರು ಆರಂಭಿಸಿದ ‘ಬೆಟ್‌ಫೇರ್’ ಇಂತಹ ಒಂದು ವಿನಿಮಯ ಪೇಟೆ. ಅಲ್ಲಿ ಜೂಜುಗಾರನ ಎದುರಾಳಿ ಇನ್ನೊಬ್ಬ ಜೂಜುಗಾರ. ಕುದುರೆ ಗೆಲ್ಲುವುದೆಂದು ಒಬ್ಬನು ಹಣ ಕಟ್ಟಿದರೆ, ಗೆಲ್ಲಲಾರದೆಂದು ಮತ್ತೊಬ್ಬನು ಆ ಪಣವನ್ನು ಒಪ್ಪುತ್ತಾನೆ. ಲಾಭದಲ್ಲಿ ಸಂಸ್ಥೆಯು ಕಮಿಷನ್ ಪಡೆಯುತ್ತದೆ.

ಪೇಟೆಯೆಂದ ಮೇಲೆ ದರ ಏರಿಳಿಯಬೇಕಷ್ಟೆ. ೪.೨ರ ದರದಲ್ಲಿ ೧೦೦ ಪೌಂಡು ಕಟ್ಟಿದವನು, ದರ ೪ಕ್ಕೆ ಇಳಿದಾಗ ಅದೇ ಕುದುರೆಯ ವಿರುದ್ಧ ೧೦೫ ಪೌಂಡಿನ ಪಣವನ್ನು ಒಪ್ಪಿದನೆನ್ನಿ. ದರದಲ್ಲಿ ಕಟ್ಟಿದ ಹಣವೂ ಸೇರಿರುವುದರಿಂದ, ಕುದುರೆ ಗೆದ್ದರೆ ೩೨೦ ಬಂದು ೩೧೫ ಹೋಗುತ್ತದೆ. ಸೋತರೆ ೧೦೦ ಹೋಗಿ ೧೦೫ ಬರುತ್ತದೆ. ಹೇಗಾದರೂ ಉಳಿಯುವುದು ೫ ಪೌಂಡು. ಅದರಲ್ಲಿಯೂ ಕಮಿಷನ್ ಕಳೆಯಬೇಕು. ಈ ಅಲ್ಪಲಾಭವನ್ನು ಹಿಡಿಯಲು ಕ್ಷಣಾರ್ಧದ ಚುರುಕು ಬೇಕೆಂದೇ ಬಾಟಿನ ಆಸರೆ.

ಓಟಕ್ಕೆ ಎಷ್ಟು ನಿಮಿಷವಿರುವಾಗ ತೊಡಗಬೇಕು, ಯಾವ ದರಕ್ಕೆ ಎಷ್ಟು ಹಣ, ಎಷ್ಟು ಸಲ, ಎಲ್ಲಿ ನಿಲ್ಲಬೇಕು ಎಂಬ ನಿಯಮಗಳೇ ಬಾಟಿನ ಜೀವಾಳ. ಬಲ್ಲವರು ತಾವು ರಚಿಸಿದ ನಿಯಮಗಳನ್ನು ಇತರರೊಡನೆ ಹಂಚಿಕೊಳ್ಳುವುದುಂಟು. ಹೊಸಬನು ಅವನ್ನು ಪಡೆದು ಗುಂಡಿಯೊತ್ತುತ್ತಾನೆ. ಆದರೆ ಅವನಿಗೆ ದಕ್ಕುವುದು ರಚಿಸಿದವನ ನಿಯಮವೇ ಹೊರತು ವಿವೇಕವಲ್ಲ. ಮೇಲಾಗಿ, ಒಂದೇ ಉಪಾಯವನ್ನು ನೂರು ಮಂದಿ ಹಿಡಿದರೆ ಎಲ್ಲರೂ ಒಂದೇ ದರಕ್ಕೆ ಮುಗಿಬಿದ್ದು, ಇದ್ದ ಲಾಭವೂ ಕರಗುತ್ತದೆ.

ಕಡಿವಾಣ ತಪ್ಪಿದ ಬಾಟ್ ಏನು ಮಾಡಬಲ್ಲುದು? ೨೦೧೧ರ ಡಿಸೆಂಬರ್ ೨೮ರಂದು ಐರ್ಲೆಂಡಿನ ಲೆಪರ್ಡ್ಸ್‌ಟೌನ್ ಮೈದಾನದಲ್ಲಿ ವೋಲೇ ಲಾ ವೆಡೆಟ್ ಎಂಬ ಹೆಣ್ಣುಕುದುರೆ ಗೆಲುವಿನತ್ತ ಧಾವಿಸುತ್ತಿತ್ತು. ಆಗಲೂ ಅದರ ವಿರುದ್ಧ, ೨೯ರ ದರದಲ್ಲಿ, ಸುಮಾರು ೨ ಕೋಟಿ ೧೦ ಲಕ್ಷ ಪೌಂಡಿನ ಪಣಕ್ಕೆ ಬಾಟೊಂದು ಸಿದ್ಧವಾಗಿ ನಿಂತಿತ್ತು! ಅದರ ಪೂರ್ಣ ಹೊಣೆ ಸುಮಾರು ೫೯ ಕೋಟಿ ಪೌಂಡು. ಕುದುರೆ ಗೆದ್ದಿತು. ಬಾಟಿನ ಒಡೆಯನ ಖಾತೆಯಲ್ಲಿದ್ದುದು ೧೦೦೦ ಪೌಂಡಿಗೂ ಕಡಿಮೆಯೆಂದೂ, ತಾಂತ್ರಿಕ ದೋಷದಿಂದ ಮಿತಿ ಮೀರಿತೆಂದೂ ಬೆಟ್‌ಫೇರ್ ತಿಳಿಸಿತು. ಓಟದ ನಡುವಣ ಪಣಗಳೆಲ್ಲ ರದ್ದಾದವು. ಗೆದ್ದೆವೆಂದು ನಲಿದವರ ಸಂತೋಷ ಗಳಿಗೆಯದಾಯಿತು.

ಆದುದರಿಂದ ಎರವಲು ಬಾಟನ್ನು ಕಲಿಯುವವನು ಪ್ರತಿಯೊಂದು ನಿಯಮವನ್ನೂ ತನ್ನ ಮಾತಿನಲ್ಲಿ ಬರೆದುಕೊಳ್ಳಬೇಕು. ಎಲ್ಲವೂ ಕೆಟ್ಟರೆ ಎಷ್ಟು ತೆರಬೇಕಾದೀತೆಂದು ಮೊದಲೇ ಲೆಕ್ಕ ಹಾಕಬೇಕು. ಹಣವಿಲ್ಲದ ಅಭ್ಯಾಸದಲ್ಲಿ ಅದನ್ನು ಪರೀಕ್ಷಿಸಬೇಕು. ನಿಲ್ಲಿಸುವ ಬಗೆಯನ್ನು ಎಲ್ಲಕ್ಕಿಂತ ಮುಂಚೆ ಕಲಿಯಬೇಕು. ನಮ್ಮ ದೇಶದಲ್ಲಿ ಹಣ ಕಟ್ಟುವ ಇಂತಹ ಆಟಗಳನ್ನು ೨೦೨೫ರ ಕೇಂದ್ರ ಶಾಸನವು ನಿಷೇಧಿಸಿತು. ಆದರೂ ಯಂತ್ರದ ಕೈಗೆ ಕೆಲಸವನ್ನೊಪ್ಪಿಸುವ ಯಾರಿಗಾದರೂ ಈ ಪಾಠ ಸಲ್ಲುತ್ತದೆ. ದಾಳವನ್ನುರುಳಿಸಿದವನು ಶಕುನಿಯಾದರೂ, ಕಡೆಗೆ ಅದರ ಫಲವನ್ನುಂಡವನು ದುರ್ಯೋಧನನೇ ಅಲ್ಲವೆ?